ಮೇಲ್ಮಹಡಿಯ ಬಾಡಿಗೆದಾರ: ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಉಳಿದುಕೊಂಡ ಪ್ರಕರಣ

ಜಪಾನಿನ ಹಿರೋಶಿಮಾ ನಗರದಲ್ಲಿ, ಸಮುದ್ರದ ಮಗ್ಗುಲಿಗೆ, ಉಜಿನಾ ಎಂಬ ಜಾಗವಿದೆ. ಅಲ್ಲಿನ ಕಾರು ಕಾರ್ಖಾನೆಯಿಂದ 2016ರ ನಂತರದ ಮೂರ್ನಾಲ್ಕು ವರ್ಷ ಎರಡು ಬಗೆಯ ತೆರೆದ ಕಾರುಗಳು ಹೊರಬರುತ್ತಿದ್ದವು. ಎರಡರಲ್ಲೂ ಇಬ್ಬರಿಗಷ್ಟೇ ಜಾಗ. ಒಂದರ ಮೂಗಿನ ಮೇಲೆ ಜಪಾನಿನ ಲಾಂಛನ, ಇನ್ನೊಂದರ ಮೇಲೆ ಇಟಲಿಯದು. ಮೈಮೇಲಿನ ತಗಡು ಬೇರೆ, ಬಾನೆಟ್ ಕೆಳಗಿನ ಎಂಜಿನ್ ಬೇರೆ. ಬಾಗಿಲು ತೆರೆದು ಒಳಗೆ ಕುಳಿತರೆ ಮಾತ್ರ ಗುಟ್ಟು ಬಯಲಾಗುತ್ತಿತ್ತು: ಡ್ಯಾಶ್‌ಬೋರ್ಡ್ ಅದೇ, ಬಟ್ಟೆಯ ಮಾಡನ್ನು ಒಂದೇ ಕೈಯಲ್ಲಿ ಹಿಂದಕ್ಕೆ ಎಸೆಯುವ ರೀತಿಯೂ ಅದೇ.

ಕಾರುಗಳ ಹುಚ್ಚಿರುವವರು ಇಷ್ಟು ಓದುವಷ್ಟರಲ್ಲಿ ಎರಡೂ ಹೆಸರುಗಳನ್ನು ಹೇಳಿಬಿಟ್ಟಿರುತ್ತಾರೆ. ಆದರೂ ಇಲ್ಲಿ ಹೆಸರು ಬಿಟ್ಟೇ ಬರೆಯುತ್ತೇನೆ. ಜಪಾನಿನ ಕಂಪನಿಯನ್ನು ಹಿರೋಶಿಮಾದವರು ಎನ್ನೋಣ, ಇಟಲಿಯದನ್ನು ಟ್ಯೂರಿನ್‌ನವರು ಎನ್ನೋಣ. ಅವರ ಅಧಿಕಾರಿಗಳ, ಎಂಜಿನಿಯರುಗಳ ಹೆಸರೂ ಬೇಡ. ಕಾರಿನ ಹೆಸರು ಬಂದ ಗಳಿಗೆಯಲ್ಲೇ ನಾವು ಪಕ್ಷ ಹಿಡಿದುಬಿಡುತ್ತೇವೆ. ನನಗೆ ಬೇಕಿರುವುದು ಆ ಕಂಪನಿಗಳು ಯಾವ ತಿರುವಿನಲ್ಲಿ ಏನು ತೀರ್ಮಾನಿಸಿದವು ಎಂಬುದಷ್ಟೇ.

ಹಿನ್ನೆಲೆ

ಹಿರೋಶಿಮಾದವರ ಪುಟ್ಟ ರೋಡ್‌ಸ್ಟರ್, ಅಂದರೆ ಎರಡು ಸೀಟಿನ ತೆರೆದ ಕಾರು, ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಫೆಬ್ರುವರಿಯಲ್ಲಿ, ಷಿಕಾಗೋ ಕಾರು ಪ್ರದರ್ಶನದಲ್ಲಿ. ಎಂಜಿನ್ ಮುಂದೆ, ಎಳೆತ (ಎಂಜಿನ್ನಿನ ಬಲ) ಹಿಂದಿನ ಚಕ್ರಗಳಿಗೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಅಮೆರಿಕದಲ್ಲಿ ಆರಂಭದ ಬೆಲೆ 13,800 ಡಾಲರ್. ಇಂಥ ಕಾರುಗಳನ್ನು ಒಂದು ಕಾಲಕ್ಕೆ ಬ್ರಿಟಿಷರು ಲೆಕ್ಕವಿಲ್ಲದಷ್ಟು ಮಾಡುತ್ತಿದ್ದರು. 1980ರ ದಶಕದ ಆರಂಭಕ್ಕೆ ಆ ಅಂಗಡಿಗಳು ಬಹುತೇಕ ಬಾಗಿಲು ಹಾಕಿದ್ದವು. ಖಾಲಿ ಬಿದ್ದ ಆ ಜಾಗಕ್ಕೆ, ಎಣ್ಣೆ ಸೋರದ, ಬೆಳಿಗ್ಗೆ ಎದ್ದ ಕೂಡಲೇ ಸ್ಟಾರ್ಟ್ ಆಗುವ ರೋಡ್‌ಸ್ಟರ್ ಒಂದು ಬಂತು.

ಮೊದಲ ತಲೆಮಾರಿನ ಕಾರು 1997ರ ತನಕ ಸುಮಾರು 4.3 ಲಕ್ಷ ತಯಾರಾಯಿತು. ಎರಡನೆಯದು 2005ರ ತನಕ ಸುಮಾರು 2.9 ಲಕ್ಷ. ಮೂರನೆಯದು ಪೂರ್ತಿ ಹತ್ತು ವರ್ಷ ಅಂಗಡಿಯಲ್ಲಿದ್ದೂ 2.3 ಲಕ್ಷ. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾರು ಕೆಟ್ಟಿತು ಎಂದೇನೂ ಅಲ್ಲ. ಎರಡು ಸೀಟಿನ ಕಾರಿಗೆ ಮನಸ್ಸು ಕೊಟ್ಟ ತಲೆಮಾರಿಗೆ ಮಕ್ಕಳಾದರು, ಮಕ್ಕಳಿಗೆ ಸೀಟು ಬೇಕಾಯಿತು, ಆಮೇಲೆ ಎಸ್‌ಯುವಿ ಬಂತು. ಹತ್ತು ವರ್ಷಕ್ಕೆ 2.3 ಲಕ್ಷವೆಂದರೆ ವರ್ಷಕ್ಕೆ ಸರಾಸರಿ 23,000. ದೊಡ್ಡ ಕಾರ್ಖಾನೆಯ ಒಂದು ಅಸೆಂಬ್ಲಿ ಲೈನ್ ಬದುಕಬೇಕಾದರೆ ವರ್ಷಕ್ಕೆ ಲಕ್ಷಕ್ಕೂ ಮೇಲೆ ಕಾರು ಇಳಿಯಬೇಕು. ಅಂದರೆ ಈ ಕಾರಿಗೆ ಸ್ವಂತದ ಕಾರ್ಖಾನೆ ಕನಸಿನ ಮಾತು.

ಮೂರನೇ ತಲೆಮಾರಿನವರೆಗೆ ಅದಕ್ಕೊಂದು ಆಸರೆ ಇತ್ತು. ಅದೇ ಕಂಪನಿಯ ರೋಟರಿ ಎಂಜಿನ್ನಿನ ನಾಲ್ಕು ಬಾಗಿಲ ಸ್ಪೋರ್ಟ್ಸ್ ಕಾರೊಂದು ಅದರ ಅಣ್ಣನಂತಿತ್ತು. ಇಬ್ಬರದೂ ಮೂಲದಲ್ಲಿ ಒಂದೇ ಪ್ಲಾಟ್‌ಫಾರ್ಮ್. ಹೀಗಾಗಿ ಹಿಂದಿನ ಚಕ್ರಕ್ಕೆ ಎಳೆತ ಕೊಡುವ ತಳಪಾಯವೊಂದನ್ನು ರೂಪಿಸಿದ ಖರ್ಚು ಎರಡು ಕಾರುಗಳ ಲೆಕ್ಕಕ್ಕೆ ಹಂಚಿಹೋಗುತ್ತಿತ್ತು. ಎಂಜಿನ್ ಕುಟುಂಬವಂತೂ ಕಂಪನಿಯಲ್ಲಿ ಮೂರನೇ ಒಂದು ಪಾಲು ಹೊಂದಿದ್ದ ಡೆಟ್ರಾಯಿಟ್ ಕಡೆಯ ಅಮೆರಿಕನ್ ಕಾರು ದೈತ್ಯನ ಜೊತೆ ಹಂಚಿಕೊಂಡದ್ದು.

ತೊಡಕು

ಆಸರೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕಳಚಿದವು. 2008ರ ಕೊನೆಯಲ್ಲಿ, ಜಗತ್ತಿನ ಬ್ಯಾಂಕುಗಳು ಅಲುಗಾಡುತ್ತಿದ್ದಾಗ, ಡೆಟ್ರಾಯಿಟ್‌ನವರು ತಮ್ಮ ಶೇ 33.4ರ ಪಾಲನ್ನು ಶೇ 13ರ ಆಸುಪಾಸಿಗೆ ಇಳಿಸಿದರು. ಮುಂದೆ ಇನ್ನೂ ಇಳಿಸಿ, 2015ರ ಹೊತ್ತಿಗೆ ಪೂರ್ತಿ ಹೊರಟುಹೋದರು. ರೋಟರಿ ಅಣ್ಣ ಹೊಗೆ ನಿಯಮಗಳಿಗೆ ಸಿಕ್ಕಿ 2010ರಲ್ಲಿ ಯುರೋಪಿನಿಂದ, 2012ರಲ್ಲಿ ಜಪಾನಿನಿಂದಲೂ ಕಣ್ಮರೆಯಾದ. ಯೆನ್ ಒಂದೇ ಸಮನೆ ಏರಿ 2011ರ ಅಕ್ಟೋಬರ್‌ನಲ್ಲಿ ಡಾಲರಿಗೆ 75ರ ಆಸುಪಾಸು ತಲುಪಿತು. ತಯಾರಿಕೆಯ ಬಹುಭಾಗವನ್ನು ಜಪಾನಿನಲ್ಲೇ ಇಟ್ಟುಕೊಂಡು ಹೊರದೇಶಗಳಿಗೆ ಮಾರುವ ಕಂಪನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. 2012ರ ಮಾರ್ಚ್‌ಗೆ ಮುಗಿದ ವರ್ಷದ ನಷ್ಟ 10,770 ಕೋಟಿ ಯೆನ್. ಅದು ಸತತ ನಾಲ್ಕನೇ ನಷ್ಟದ ವರ್ಷ. ಹೊಸ ಷೇರು ಬಿಟ್ಟು ಹಣ ಎತ್ತಬೇಕಾಯಿತು.

ಇಂಥ ಸ್ಥಿತಿಯಲ್ಲಿ ನಾಲ್ಕನೇ ತಲೆಮಾರಿನ ರೋಡ್‌ಸ್ಟರ್ ಬೇಕೆ ಎಂಬ ಪ್ರಶ್ನೆ, ಸಾಲಕ್ಕೆ ಸಿಕ್ಕ ಮನೆಯಲ್ಲಿ ವೀಣೆ ಮಾರಬೇಕೆ ಎಂಬ ಪ್ರಶ್ನೆಯಂತೆ. ವೀಣೆ ಮಾರಿದರೆ ಸಾಲ ತೀರುವುದಿಲ್ಲ. ಇಟ್ಟುಕೊಂಡರೆ ಬಂದವರೆಲ್ಲ ಅದನ್ನೇ ನೋಡುತ್ತಾರೆ.

ಮುಂದಿದ್ದ ದಾರಿಗಳು ಹೊರಗಿನವರಿಗೂ ಕಾಣುವಂಥವೇ. ಒಂದು, ಕಾರನ್ನು ನಿಲ್ಲಿಸುವುದು. ಟೊಯೊಟಾ ತನ್ನ ಎಂಆರ್2 ಅನ್ನು 2007ರಲ್ಲಿ ನಿಲ್ಲಿಸಿತ್ತು. ಹೋಂಡಾ ತನ್ನ ಎಸ್2000 ಅನ್ನು 2009ರಲ್ಲಿ. ಎಸ್2000ರ ಕತೆಯಲ್ಲಿ ಪಾಠವೂ ಇದೆ: ಎಂಜಿನ್‌ನಿಂದ ತಳಪಾಯದವರೆಗೆ ಬಹುತೇಕ ಎಲ್ಲವೂ ಅದಕ್ಕೆಂದೇ ಮಾಡಿದ್ದು, ಹತ್ತು ವರ್ಷಕ್ಕೆ ಮಾರಾಟವಾದದ್ದು 1.1 ಲಕ್ಷ, ಉತ್ತರಾಧಿಕಾರಿ ಹುಟ್ಟಲೇ ಇಲ್ಲ. ಎರಡನೇ ದಾರಿ, ಕಂಪನಿಯ ಸಾಮಾನ್ಯ ಹ್ಯಾಚ್‌ಬ್ಯಾಕಿನ ತಳಪಾಯದ ಮೇಲೆ ಎರಡು ಸೀಟಿನ ಮೈ ಕೂರಿಸುವುದು. ಅಗ್ಗವಾದೀತು, ಆದರೆ ಎಳೆತ ಮುಂದಿನ ಚಕ್ರಕ್ಕೆ ಹೋದೀತು. ಇಪ್ಪತ್ತು ವರ್ಷ ಈ ಕಾರನ್ನು ಕೊಂಡವರು ಅದನ್ನು ಕೊಂಡದ್ದೇ ಹಿಂಚಕ್ರದ ಎಳೆತಕ್ಕಾಗಿ. ಮೂರನೆಯದು, ಖರ್ಚಿಗೆ ಇನ್ನೊಬ್ಬರನ್ನು ಹುಡುಕುವುದು.

ಬಾಡಿಗೆದಾರನ ಹುಡುಕಾಟ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಉಪಾಯ ವಿವರಿಸಬೇಕಿಲ್ಲ. ಸೈಟು ನಮ್ಮದು, ನಕ್ಷೆ ನಮ್ಮದು, ಕೆಳಗೆ ನಾವಿರುತ್ತೇವೆ. ಮೇಲೊಂದು ಮಹಡಿ ಎತ್ತಿ ಬಾಡಿಗೆಗೆ ಕೊಟ್ಟು ಬ್ಯಾಂಕಿನ ಕಂತಿಗೆ ಹೊಂದಿಸುತ್ತೇವೆ. ಹಿರೋಶಿಮಾದವರು ಮಾಡಿದ್ದೂ ಇದನ್ನೇ, ಮತ್ತು ಈ ಪ್ರಕರಣದಲ್ಲಿ ಕಲಿಯುವುದಕ್ಕೆ ಏನಾದರೂ ಇದ್ದರೆ ಅದು ಅವರು ಬಾಡಿಗೆ ಕರಾರನ್ನು ಹೇಗೆ ಬರೆದುಕೊಂಡರು ಎಂಬುದರಲ್ಲಿದೆ.

2012ರ ಮೇ ತಿಂಗಳಲ್ಲಿ ಹಿರೋಶಿಮಾದವರೂ ಟ್ಯೂರಿನ್‌ನವರೂ ಒಡಂಬಡಿಕೆ ಪ್ರಕಟಿಸಿದರು. 2013ರ ಜನವರಿಯಲ್ಲಿ ಅಂತಿಮ ಒಪ್ಪಂದಕ್ಕೆ ಸಹಿ ಬಿತ್ತು. ಟ್ಯೂರಿನ್‌ನವರ ಹೊಟ್ಟೆಯಲ್ಲಿ ಮಿಲಾನ್ ಮೂಲದ, ರೇಸಿನ ದೊಡ್ಡ ಚರಿತ್ರೆಯಿರುವ ಬ್ರಾಂಡೊಂದಿತ್ತು. ಅದನ್ನು ಅಮೆರಿಕಕ್ಕೆ ಮತ್ತೆ ಕೊಂಡೊಯ್ಯುವ ಆಸೆ ಅವರದು. ತೆರೆದ ಕಾರೊಂದು ಬೇಕು, ಮೊದಲಿನಿಂದ ರೂಪಿಸುವಷ್ಟು ಹಣವೂ ಸಮಯವೂ ಇಲ್ಲ. ಒಪ್ಪಂದದ ಹೂರಣ ಇಷ್ಟು: ತಳಪಾಯ ಹಿರೋಶಿಮಾದವರ ಮುಂದಿನ ರೋಡ್‌ಸ್ಟರಿನದು; ಎರಡೂ ಕಾರು ತಯಾರಾಗುವುದು ಹಿರೋಶಿಮಾದಲ್ಲಿ; ಹೊರಮೈ ಯಾರದು ಅವರವರದು; ಎಂಜಿನ್ ಕೂಡ ಯಾರದು ಅವರವರದು. ತಯಾರಿಕೆಯ ಗುರಿ 2015.

ಯಾವುದನ್ನು ಹಂಚಿಕೊಂಡರು, ಯಾವುದನ್ನು ಹಂಚಿಕೊಳ್ಳಲಿಲ್ಲ ಎಂಬುದರ ಮೇಲೆ ಸ್ವಲ್ಪ ನಿಲ್ಲಬೇಕು. ಕಾರಿನ ಬೆಲೆಯಲ್ಲಿ ಕೊಳ್ಳುವವನ ಕಣ್ಣಿಗೆ ಬೀಳದ ಭಾಗವೇ ದೊಡ್ಡದು. ತಳಪಾಯದ ಲೆಕ್ಕಾಚಾರ, ಡಿಕ್ಕಿ ಪರೀಕ್ಷೆ, ಸಸ್ಪೆನ್ಷನ್, ಸ್ಟೀರಿಂಗ್, ಎಸಿ, ವೈರಿಂಗ್, ಬೆಸುಗೆಯ ಹೊತ್ತಿಗೆ ಭಾಗಗಳನ್ನು ಹಿಡಿದಿಡುವ ಜಿಗ್‌ಗಳು, ಮಾಡು ಮಡಚುವ ಯಂತ್ರ: ಇವಕ್ಕೆ ಹತ್ತು ಕಾರು ಮಾಡಿದರೂ ಅದೇ ಖರ್ಚು, ಲಕ್ಷ ಮಾಡಿದರೂ ಅದೇ. ಕೊಳ್ಳುವವನನ್ನು ಸೆಳೆಯುವುದು ಹೊರಮೈ ಮತ್ತು ಎಂಜಿನ್. ಇವನ್ನು ಬೇರೆ ಮಾಡಿಕೊಳ್ಳುವ ಖರ್ಚು ಸಣ್ಣದೇನಲ್ಲ, ಆದರೆ ಹೊಸ ಕಾರೊಂದನ್ನು ಹುಟ್ಟಿಸುವ ಖರ್ಚಿನ ಮುಂದೆ ಸಣ್ಣದು. ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದರು.

ಎಂಜಿನ್ ವಿಷಯದಲ್ಲಿ ಹಿರೋಶಿಮಾದವರದು ಇನ್ನೊಂದು ಸದ್ದಿಲ್ಲದ ಹಂಚಿಕೆ. ಅವರ 1.5 ಮತ್ತು 2.0 ಲೀಟರ್ ಎಂಜಿನ್‌ಗಳು ಅವರದೇ ಸಾಮಾನ್ಯ ಕಾರುಗಳ ಎಂಜಿನ್ ಕುಟುಂಬದವು. ಇಲ್ಲಿ ಉದ್ದುದ್ದಕ್ಕೆ ತಿರುಗಿಸಿ, ಸ್ಪೋರ್ಟ್ಸ್ ಕಾರಿಗೆ ತಕ್ಕಂತೆ ತಿದ್ದಿ ಕೂರಿಸಿದ್ದು. ಮುಂದಿನ ಐದಾರು ವರ್ಷಗಳಲ್ಲಿ, ಹತ್ತು ವರ್ಷಗಳಲ್ಲಿ ಬರಬೇಕಾದ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಕುಳಿತು ಯೋಜಿಸುವ ಪದ್ಧತಿಯನ್ನು ಅವರು ಮೊದಲೇ ರೂಢಿಸಿಕೊಂಡಿದ್ದರು. ಒಂದೇ ಯಂತ್ರಸಾಲಿನಲ್ಲಿ ಬೇರೆ ಬೇರೆ ಎಂಜಿನ್‌ಗಳನ್ನು ಕೊರೆಯುವಂತೆ ಅಳತೆಗಳನ್ನು ಮೊದಲೇ ಹೊಂದಿಸಿಕೊಳ್ಳುವುದು ಅದರ ಭಾಗ. ರೋಡ್‌ಸ್ಟರ್ ಆ ಊಟದ ಪಂಕ್ತಿಗೆ ಕೊನೆಯಲ್ಲಿ ಬಂದು ಕುಳಿತ ಒಬ್ಬ ಹೆಚ್ಚಿನ ಅತಿಥಿ. ಅವನೊಬ್ಬನಿಗೆಂದು ಒಲೆ ಹಚ್ಚಲಿಲ್ಲ.

ಬಾಡಿಗೆದಾರ ಬರುತ್ತಾನೆಂದು ಮನೆಯ ನಕ್ಷೆ ಬದಲಿಸಲಿಲ್ಲ ಎಂಬುದು, ನನ್ನ ಎಣಿಕೆಯಲ್ಲಿ, ಇಡೀ ಪ್ರಕರಣದ ಅತಿ ದೊಡ್ಡ ತೀರ್ಮಾನ. ಜಂಟಿ ಯೋಜನೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ: ಒಬ್ಬರಿಗೆ ಸಾಮಾನಿಡಲು ಉದ್ದದ ಡಿಕ್ಕಿ ಬೇಕು, ಇನ್ನೊಬ್ಬರಿಗೆ ಅಗಲದ ಎಂಜಿನ್ ಜಾಗ ಬೇಕು, ಕೊನೆಗೆ ಎಲ್ಲರಿಗೂ ಬೇಕಾದದ್ದನ್ನೆಲ್ಲ ತುಂಬಿಕೊಂಡು ಕಾರು ಊದಿಕೊಳ್ಳುತ್ತದೆ. ನಾಲ್ಕನೇ ತಲೆಮಾರಿನ ರೋಡ್‌ಸ್ಟರ್ 2014ರ ಸೆಪ್ಟೆಂಬರ್‌ನಲ್ಲಿ ತೆರೆ ಸರಿಸಿ ನಿಂತಾಗ ಅದರ ಉದ್ದ 3,915 ಮಿಲಿಮೀಟರ್. ಹಿಂದಿನ ಮೂರೂ ತಲೆಮಾರುಗಳಿಗಿಂತ ಗಿಡ್ಡ. ಜಪಾನಿನ ಅತಿ ಸರಳ ಮಾದರಿಯ ತೂಕ 990 ಕಿಲೋ. ಪ್ರತಿ ತಲೆಮಾರಿಗೂ ಕಾರುಗಳು ಉಬ್ಬುತ್ತಲೇ ಹೋಗುವ ಕಾಲದಲ್ಲಿ, ಅದೂ ಪಾಲುದಾರನೊಬ್ಬ ಪಕ್ಕದಲ್ಲಿ ನಿಂತಿರುವಾಗ, ಇದು ಹಟದ ಕೆಲಸ.

ಲಾಂಛನ ಬದಲಾದದ್ದು

ಕಾರು ಬಹುಮಟ್ಟಿಗೆ ರೂಪುಗೊಂಡ ಮೇಲೆ, 2014ರ ಹೊತ್ತಿಗೆ, ಟ್ಯೂರಿನ್ ಕಡೆಯಿಂದ ಬೇರೆ ರಾಗ ಕೇಳಿಸಿತು. ಮಿಲಾನಿನ ಬ್ರಾಂಡಿನ ಕಾರುಗಳು ಇನ್ನು ಇಟಲಿಯಲ್ಲೇ ತಯಾರಾಗಬೇಕು ಎಂದು ಅವರ ಮುಖ್ಯಸ್ಥರು ನಿಲುವು ತಳೆದರು. ಆ ಬ್ರಾಂಡಿಗೆ ಸ್ವಂತದ ಹೊಸ ತಳಪಾಯ, ಇಟಲಿಯದೇ ಕಾರ್ಖಾನೆ, ದೊಡ್ಡ ಹೂಡಿಕೆ ಎಂದು ಯೋಜನೆ ಬದಲಾಯಿತು. ಜಪಾನಿನಲ್ಲಿ ತಯಾರಾದ ಕಾರಿಗೆ ಆ ಲಾಂಛನ ಹಚ್ಚುವಂತಿಲ್ಲ. ಅವರ ದೃಷ್ಟಿಯಿಂದ ನೋಡಿದರೆ ಅದರಲ್ಲಿ ತಪ್ಪಿಲ್ಲ. ಕೋಟಿ ಕೊಟ್ಟು ಕೊಳ್ಳುವವನಿಗೆ ಊರಿನ ಹೆಸರೂ ಸರಕಿನ ಭಾಗವೇ.

ಕರಾರು ಇಲ್ಲಿಗೆ ಹರಿದುಹೋಗಬಹುದಿತ್ತು. ಹರಿಯಲಿಲ್ಲ. ಟ್ಯೂರಿನ್‌ನವರು ತಮ್ಮ ಗೂಡಿನೊಳಗೇ ಬೇರೆ ಲಾಂಛನ ಹುಡುಕಿದರು: ಟ್ಯೂರಿನ್ನಿನ ತಮ್ಮದೇ ಮೂಲ ಬ್ರಾಂಡಿನದು. ಅದು 1966ರಲ್ಲಿ ಹೊರತಂದ, 1985ರವರೆಗೂ ತಯಾರಾದ ತೆರೆದ ಕಾರೊಂದು ಅಮೆರಿಕದಲ್ಲೂ ಚೆನ್ನಾಗಿ ನೆನಪಿತ್ತು. ಐವತ್ತನೇ ವರ್ಷ ಹತ್ತಿರ ಬರುತ್ತಿತ್ತು. ಹಳೆಯ ಕಾರಿನ ದುಂಡು ದೀಪ, ಬಾನೆಟ್ಟಿನ ಮೇಲಿನ ಎರಡು ಉಬ್ಬುಗಳನ್ನು ನೆನಪಿಸುವ ಹೊಸ ಮೈ ಬಂತು. 2015ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ಪೈಡರ್ ಎಂಬ ಹಳೆಯ ಹೆಸರಿನಲ್ಲೇ ಅದು ಕಾಣಿಸಿಕೊಂಡಿತು. ಉದ್ದ 4,054 ಮಿಲಿಮೀಟರ್, ರೋಡ್‌ಸ್ಟರಿಗಿಂತ 139 ಹೆಚ್ಚು. ಎರಡು ಚಕ್ರಗಳ ನಡುವಿನ ಅಂತರ ಮಾತ್ರ ಒಂದೇ, 2,310.

ಕರಾರು ಉಳಿದದ್ದಕ್ಕೆ ಅದೃಷ್ಟವನ್ನು ಹೊಗಳಬೇಕಿಲ್ಲ. ಹಂಚಿಕೊಂಡದ್ದು ಮುಖವನ್ನಲ್ಲ, ಅಸ್ಥಿಪಂಜರವನ್ನು. ಮುಖ ಬದಲಾದರೂ ಬೆಸುಗೆಯ ಜಿಗ್ ಬದಲಾಗಬೇಕಿಲ್ಲ, ಡಿಕ್ಕಿ ಪರೀಕ್ಷೆಯ ಲೆಕ್ಕವನ್ನು ಮೊದಲಿನಿಂದ ಮಾಡಬೇಕಿಲ್ಲ, ಹಿರೋಶಿಮಾದವರ ಕಾರು ಒಂದು ತಿಂಗಳೂ ತಡವಾಗಬೇಕಿಲ್ಲ. ಮೊದಲ ಕರಾರಿನಲ್ಲಿ ಎರಡು ಕಾರುಗಳನ್ನು ಜಂಟಿಯಾಗಿ, ಒಂದೇ ದಿನ, ಒಂದೇ ವೇದಿಕೆಯಲ್ಲಿ ಎಂದು ಕಟ್ಟಿಹಾಕಿದ್ದರೆ ಕತೆ ಬೇರೆಯಾಗುತ್ತಿತ್ತು. ಹಿರೋಶಿಮಾದವರ ರೋಡ್‌ಸ್ಟರ್ 2015ರ ಮಾರ್ಚ್‌ನಲ್ಲೇ ಉಜಿನಾದ ಲೈನಿನಿಂದ ಇಳಿಯತೊಡಗಿತ್ತು. ಬಾಡಿಗೆದಾರ ಸಾಮಾನು ಇಳಿಸಿದ್ದು ವರ್ಷವಾದ ಮೇಲೆ.

ಇಟಲಿಯ ದಕ್ಷಿಣದ ಟರ್ಮೊಲಿಯಲ್ಲಿ ತಯಾರಾದ 1.4 ಲೀಟರಿನ ಟರ್ಬೊ ಎಂಜಿನ್‌ಗಳು ಹಡಗಿನಲ್ಲಿ ಹಿರೋಶಿಮಾಕ್ಕೆ ಬಂದು, ಸ್ಪೈಡರಿನೊಳಗೆ ಕುಳಿತು, ಮತ್ತೆ ಹಡಗು ಹತ್ತಿ ಯುರೋಪಿಗೋ ಅಮೆರಿಕಕ್ಕೋ ಹೋಗುತ್ತಿದ್ದವು. ಕೇಳಿದರೆ ನಗು ಬರುತ್ತದೆ. ಆದರೆ ಎಂಜಿನ್ನಿನ ಹಡಗು ಬಾಡಿಗೆ ಎಷ್ಟೇ ಆದರೂ ಹೊಸ ಎಂಜಿನ್ ರೂಪಿಸುವ ಖರ್ಚಿನ ಹತ್ತಿರಕ್ಕೂ ಬಾರದು. ಇಲ್ಲೇ ಇನ್ನೊಂದು ಸಣ್ಣ ತಿರುವು: ಟರ್ಬೊ ಎಂಜಿನ್ನಿನ ತಿರುಚು ಬಲ 240 ನ್ಯೂಟನ್ ಮೀಟರ್. ಹೊಸ ರೋಡ್‌ಸ್ಟರಿಗೆಂದು ಹಗುರಾಗಿ ರೂಪಿಸಿದ್ದ ಗೇರ್‌ಬಾಕ್ಸನ್ನು ಅದಕ್ಕೆ ಕೊಡಲಿಲ್ಲ. ಹಿಂದಿನ ತಲೆಮಾರಿನ ಆರು ಗೇರಿನ ಪೆಟ್ಟಿಗೆಯನ್ನೇ ಮತ್ತೆ ತೆಗೆದು ಸ್ಪೈಡರಿಗೆ ಹಾಕಿದರು. ಅಟ್ಟದ ಮೇಲಿಟ್ಟಿದ್ದ ಪಾತ್ರೆ ಮದುವೆ ಮನೆಗೆ ಒದಗಿದಂತೆ.

ಲೈನಿನ ಮೇಲೆ

ಒಂದೇ ಲೈನಿನಲ್ಲಿ ಬೇರೆ ಬೇರೆ ಕಾರುಗಳನ್ನು ಬೆರೆಸಿ ತಯಾರಿಸುವುದನ್ನು ನಮ್ಮ ಓದುಗರು ನೋಡಲು ಜಪಾನಿಗೆ ಹೋಗಬೇಕಿಲ್ಲ. 2022ರಿಂದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಟೊಯೊಟಾದ ಹೈರೈಡರ್ ಜೊತೆಗೇ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಕೂಡ ತಯಾರಾಗಿದೆ. ಆದರೆ ಅಲ್ಲಿ ಇಬ್ಬರದೂ ಭರ್ಜರಿ ಮಾರಾಟದ ಕಾರು. ಹಂಚಿಕೆ ಲಾಭ ಹೆಚ್ಚಿಸುವ ಉಪಾಯ. ಉಜಿನಾದಲ್ಲಿ ಹಂಚಿಕೆ ಜೀವ ಉಳಿಸುವ ಉಪಾಯ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ರೋಡ್‌ಸ್ಟರಿಗೆಂದೇ ಒಂದು ಲೈನ್ ಇದೆ, ದಿನಕ್ಕೆ ನೂರು ಕಾರು ಎಂದುಕೊಳ್ಳಿ. ಮಳೆಗಾಲವೋ ಚಳಿಗಾಲವೋ ಬಂದು ಬೇಡಿಕೆ ಅರುವತ್ತಕ್ಕೆ ಇಳಿಯುತ್ತದೆ; ತೆರೆದ ಕಾರಿಗೆ ಋತುವಿನ ಕಾಟ ಇದ್ದದ್ದೇ. ರೋಬೊಗಳಿಗೂ ಕೆಲಸಗಾರರಿಗೂ ನಲವತ್ತು ಕಾರಿನಷ್ಟು ಬಿಡುವು, ಖರ್ಚು ಮಾತ್ರ ನೂರರದ್ದೇ. ಉಳಿದ ಅರುವತ್ತರ ಮೇಲೆ ಅದು ಬೀಳುತ್ತದೆ, ಬೆಲೆ ಏರುತ್ತದೆ, ಬೇಡಿಕೆ ಇನ್ನೂ ಇಳಿಯುತ್ತದೆ. ಸಣ್ಣ ಸಂಖ್ಯೆಯ ಕಾರುಗಳು ಸಾಯುವುದು ಈ ಸುಳಿಯಲ್ಲಿ. ಅದೇ ಲೈನಿನಲ್ಲಿ ಕಂಪನಿಯ ದಿನಬಳಕೆಯ ಕಾರುಗಳೂ ಹೋಗುತ್ತಿದ್ದರೆ, ಆ ನಲವತ್ತರ ಜಾಗದಲ್ಲಿ ನಲವತ್ತು ಬೇರೆ ಕಾರು ಬರುತ್ತವೆ. ರೋಡ್‌ಸ್ಟರ್ ತಾನು ಬಳಸಿದ ನಿಮಿಷಗಳಿಗಷ್ಟೇ ಬೆಲೆ ತೆತ್ತರೆ ಸಾಕು. ಬಿಟ್ಟಿ ಕೆಲಸವೇನಲ್ಲ, ಪ್ರತಿ ಕಾರಿಗೂ ಬೇರೆ ಭಾಗಗಳ ತಟ್ಟೆ ಸರಿಯಾದ ಹೊತ್ತಿಗೆ ಬರಬೇಕು, ಕೆಲಸಗಾರ ನಿಮಿಷಕ್ಕೊಮ್ಮೆ ಬೇರೆ ಕೈಚಳಕ ತೋರಬೇಕು. ಆ ಶಿಸ್ತನ್ನು ಅವರು ದಶಕಗಳಿಂದ ಕಲಿತಿದ್ದರು. ಸ್ಪೈಡರ್ ಅದರೊಳಗೆ ಇನ್ನೊಂದು ಬಗೆಯಾಗಿ ಸೇರಿಕೊಂಡಿತು.

ಬಾಡಿಗೆದಾರ ಹೋದ ಮೇಲೆ

2016ರ ಏಪ್ರಿಲ್ 22ರಂದು ರೋಡ್‌ಸ್ಟರ್ ಹತ್ತು ಲಕ್ಷದ ಗಡಿ ದಾಟಿತು. ಆ ಹೊತ್ತಿಗೆ ನಾಲ್ಕನೇ ತಲೆಮಾರಿನ ಪಾಲು ಇನ್ನೂ ಐವತ್ತು ಸಾವಿರ ಮುಟ್ಟಿರಲಿಲ್ಲ. ಅಮೆರಿಕದಲ್ಲಿ 2017ರಲ್ಲಿ 11,294 ರೋಡ್‌ಸ್ಟರ್ ಮಾರಾಟವಾದವು. ಅದೇ ವರ್ಷ ಸ್ಪೈಡರ್ ಸುಮಾರು 4,500. ಎರಡೇ ವರ್ಷಕ್ಕೆ ಸ್ಪೈಡರ್ ಸುಮಾರು 2,500ಕ್ಕೆ ಕುಸಿಯಿತು. ಯುರೋಪಿನ ಹೊಗೆ ನಿಯಮಗಳು ಬಿಗಿಯಾಗುತ್ತ ಬಂದವು. 2019ರಲ್ಲಿ ಯುರೋಪಿನಿಂದ, 2020ರಲ್ಲಿ ಅಮೆರಿಕದಿಂದ ಸ್ಪೈಡರ್ ಹೊರಟಿತು. ಚೆನ್ನಾದ ಕಾರೇ. ನನ್ನ ಊಹೆ ಹೇಳುವುದಾದರೆ, ಇಟಲಿಯ ಅಂಗಡಿಯಲ್ಲಿ ಸಣ್ಣ ಹ್ಯಾಚ್‌ಬ್ಯಾಕುಗಳ ನಡುವೆ ಒಂಟಿಯಾಗಿ ನಿಂತ ಆ ಕಾರನ್ನು ಮಾರುವುದು ಹೇಗೆಂದು ಡೀಲರುಗಳಿಗೇ ತೋಚಲಿಲ್ಲ.

ಮಹಡಿ ಖಾಲಿಯಾಯಿತು. ಕೆಳಗಿನ ಮನೆಯ ದೀಪ ಆರಲಿಲ್ಲ.

ಮೊದಲ ಕಂತುಗಳ ಹೊತ್ತಿಗೆ, ಅಂದರೆ ಖರ್ಚು ಅತಿ ಭಾರವಾಗಿದ್ದ ವರ್ಷಗಳಲ್ಲಿ, ಬಾಡಿಗೆ ಬಂದಿತ್ತು. ಆಮೇಲಿನ ದಿನನಿತ್ಯದ ಖರ್ಚನ್ನು ಬೆರಕೆ ಲೈನ್ ಹಗುರ ಮಾಡಿತ್ತು. ಮೂರನೆಯ ಆಧಾರವೊಂದಿತ್ತು, ಅದರ ಬೆಲೆ ಗೊತ್ತಾದದ್ದು ಆಗಲೇ. ಅದು ಜಗತ್ತು. ಯಾವೊಂದು ದೇಶವೂ ಈ ಕಾರನ್ನು ಒಂಟಿಯಾಗಿ ಸಾಕಲಾರದು. ಆದರೆ ಜಪಾನ್, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಬಲಬದಿಯ ಸ್ಟೀರಿಂಗ್, ಅಮೆರಿಕಕ್ಕೂ ಜರ್ಮನಿಗೂ ಎಡಬದಿಯದು ಎಂದು ಎರಡನ್ನೂ ಮೊದಲ ದಿನದಿಂದಲೇ ಇಟ್ಟುಕೊಂಡ ಕಾರಿಗೆ ಒಂದು ಕಡೆ ಬರ ಬಂದರೆ ಇನ್ನೊಂದು ಕಡೆ ಮಳೆ. 2022ರಲ್ಲಿ ಅಮೆರಿಕದ ಮಾರಾಟ 6,171ಕ್ಕೆ ಇಳಿಯಿತು. ಅದೇ ವರ್ಷ, ಹಗುರತನವನ್ನೇ ಮುಂದಿಟ್ಟ ಮಾದರಿಯೊಂದರ ಬಲದಿಂದ, ಜಪಾನಿನಲ್ಲಿ ಒಂಬತ್ತು ಸಾವಿರ ದಾಟಿತು. ಜನಸಂಖ್ಯೆಯಲ್ಲಿ ಅಮೆರಿಕದ ಅರ್ಧಕ್ಕೂ ಕಡಿಮೆಯಿರುವ ದೇಶದಲ್ಲಿ!

ಹಿರೋಶಿಮಾದವರು ಸುಮ್ಮನೆ ಕುಳಿತೂ ಇರಲಿಲ್ಲ. 2016ರಲ್ಲೇ ಲೋಹದ ಮಾಡು ಮಡಚಿಕೊಳ್ಳುವ ಇನ್ನೊಂದು ರೂಪ ತಂದರು. ಅದೇ ತಳಪಾಯಕ್ಕೆ ಹೊಸ ಗಿರಾಕಿ ವರ್ಗ. 2018ರಲ್ಲಿ 2.0 ಲೀಟರ್ ಎಂಜಿನ್ನನ್ನು 160ರಿಂದ 184 ಅಶ್ವಶಕ್ತಿಗೆ ಏರಿಸಿದರು. 2019ರಲ್ಲಿ ಮೂವತ್ತನೇ ವರ್ಷಕ್ಕೆಂದು ಇಡೀ ಜಗತ್ತಿಗೆ 3,000 ಕಿತ್ತಳೆ ಬಣ್ಣದ ಕಾರು ಮಾಡಿದರು. ಅಮೆರಿಕಕ್ಕೆ ಮೊದಲು ಹಂಚಿದ 500 ಕಾರುಗಳು ನಾಲ್ಕು ಗಂಟೆಯಲ್ಲಿ ಬುಕ್ ಆದವು. ಜಗತ್ತಿನಾದ್ಯಂತ ಚದುರಿದ ಗಿರಾಕಿಗಳಿದ್ದರೆ ಇಂಥ ಸಣ್ಣ ಕಂತುಗಳೂ ಲಾಭಕರ. ಒಂದೇ ದೇಶದಲ್ಲಿ 3,000 ಕಿತ್ತಳೆ ಕಾರು ಮಾರುವುದು ಬೇರೆ ಮಾತು.

ಹಲವು ದೇಶಗಳೆಂದರೆ ಹಲವು ನಿಯಮಗಳೂ ಹೌದು. 2024ರ ಜುಲೈಯಿಂದ ಯುರೋಪಿನಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಸೈಬರ್ ಸುರಕ್ಷೆಯ ನಿಯಮ ಕಡ್ಡಾಯವಾಯಿತು. ಹಳೆಯ ಕಾರಿನ ವಿದ್ಯುನ್ಮಾನ ಜಾಲವನ್ನು ಅದಕ್ಕೆ ಒಗ್ಗಿಸುವುದು ದುಬಾರಿ. ಪೋರ್ಷೆ ತನ್ನ ಪೆಟ್ರೋಲ್ ಬಾಕ್ಸ್‌ಸ್ಟರ್‌, ಕೇಮನ್‌ಗಳನ್ನು ಐರೋಪ್ಯ ಒಕ್ಕೂಟದ ಅಂಗಡಿಗಳಿಂದ ಹಿಂತೆಗೆದದ್ದು ಇದೇ ಕಾರಣಕ್ಕೆ. ಹಿರೋಶಿಮಾದವರು, ಹತ್ತು ವರ್ಷದ ಹತ್ತಿರ ಬಂದಿದ್ದ ಕಾರಿನ ಜಾಲವನ್ನು ಹೊಸದಾಗಿ ಹೆಣೆದರು. ಇದೂ ಒಂದು ತಿರುವೇ, ಸದ್ದು ಮಾಡದ್ದು. ಕಾರೊಂದನ್ನು ನಿಲ್ಲಿಸಲು ಅದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಒಕ್ಕೂಟದಲ್ಲಿ 2.0 ಲೀಟರ್ ಎಂಜಿನ್ ಪಟ್ಟಿಯಿಂದ ಬಿದ್ದಾಗಲೂ 1.5 ಲೀಟರ್ ಉಳಿಯಿತು. ಎರಡು ಎಂಜಿನ್ ಇಟ್ಟುಕೊಂಡದ್ದು ಆಗ ಕೈಹಿಡಿಯಿತು.

ಬೇರೆ ಮೂರು ಮನೆಗಳು

ಹಂಚಿಕೊಂಡರೆ ಸಾಕು, ಕಾರು ಉಳಿಯುತ್ತದೆ ಎಂದು ಈ ಪ್ರಕರಣವನ್ನು ಓದಿದರೆ ತಪ್ಪಾದೀತು. ಅಮೆರಿಕದ ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ 2005ರಿಂದ ಜನರಲ್ ಮೋಟರ್ಸ್ ಇದೇ ಬಗೆಯ ಪುಟ್ಟ ತೆರೆದ ಕಾರನ್ನು ಮಾಡಿತ್ತು. ಹಂಚಿಕೆಯೇನು ಕಡಿಮೆಯೇ? ಪಾಂಟಿಯಾಕ್, ಸ್ಯಾಟರ್ನ್, ಓಪೆಲ್, ದೇವೂ, ನಾಲ್ಕು ಲಾಂಛನ, ಮೂರು ಖಂಡ. ಆದರೆ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಆ ತೆರೆದ ಕಾರುಗಳಷ್ಟೇ. ಬಾಡಿಗೆದಾರರು ನಾಲ್ವರೂ ಒಂದೇ ಕಸುಬಿನವರು. ಮಳೆ ಬಂದರೆ ನಾಲ್ವರಿಗೂ ರಜೆ. 2009ರಲ್ಲಿ ಕಂಪನಿ ದಿವಾಳಿಯಾದಾಗ ಪಾಂಟಿಯಾಕ್, ಸ್ಯಾಟರ್ನ್ ಎರಡಕ್ಕೂ ತೆರೆಬಿತ್ತು, ಅದೇ ಜುಲೈನಲ್ಲಿ ಕಾರ್ಖಾನೆಯೂ ಮುಚ್ಚಿತು. ಹಿರೋಶಿಮಾದವರು ಟ್ಯೂರಿನ್‌ನವರ ಜೊತೆ ಕೈಕುಲುಕುವ ಮೂರು ವರ್ಷ ಮೊದಲಿನ ಮಾತಿದು.

ಆಸ್ಟ್ರಿಯಾದ ಗ್ರಾಜ್‌ನಲ್ಲಿ ಇನ್ನೊಂದು ಬಗೆ. ಟೊಯೊಟಾ ಮತ್ತು ಬಿಎಂಡಬ್ಲ್ಯು ಸೇರಿ ರೂಪಿಸಿದ ಸುಪ್ರಾ ಮತ್ತು ಝಡ್4 ಕಾರುಗಳು ತಯಾರಾದದ್ದು ಇಬ್ಬರದೂ ಅಲ್ಲದ, ಮಾಗ್ನಾ ಎಂಬ ಗುತ್ತಿಗೆ ತಯಾರಕರ ಕಾರ್ಖಾನೆಯಲ್ಲಿ. 1979ರಿಂದ ಮರ್ಸಿಡಿಸ್ ಜಿ-ಕ್ಲಾಸ್ ತಯಾರಾಗುವ ಜಾಗ ಅದು. ಲೈನಿನ ಹೊರೆ ಹಂಚಿಹೋಗುವ ಮಟ್ಟಿಗೆ ಲೆಕ್ಕ ಸರಿಯೇ. ಆದರೆ ಅಲ್ಲಿ ಇಬ್ಬರೂ ಬಾಡಿಗೆದಾರರು, ಮನೆಯ ಯಜಮಾನ ಮೂರನೆಯವನು. ಅಮೆರಿಕದಲ್ಲಿ ಸುಪ್ರಾ 2021ರಲ್ಲಿ ಸುಮಾರು 6,800 ಮಾರಾಟವಾದದ್ದು 2024ಕ್ಕೆ 2,600ರ ಹತ್ತಿರ ಬಂತು. ಕೊನೆಯ ಆವೃತ್ತಿಗಳನ್ನು ಪ್ರಕಟಿಸುವ ಹೊತ್ತಿಗೆ ಎರಡೂ ಕಾರುಗಳು ಒಟ್ಟಿಗೇ ಗಂಟುಮೂಟೆ ಕಟ್ಟಿದವು. ಒಬ್ಬರು ಹೊರಟರೆ ಇನ್ನೊಬ್ಬರು ಪೂರ್ತಿ ಬಾಡಿಗೆ ತೆರಬೇಕಿತ್ತು.

ಜಪಾನಿನ ಗುನ್ಮಾದಲ್ಲಿ ಸುಬಾರು ತಯಾರಿಸುವ ಬಿಆರ್‌ಝಡ್ ಮತ್ತು ಟೊಯೊಟಾ 86 ಜೋಡಿ ಉಜಿನಾಕ್ಕೆ ಹೆಚ್ಚು ಹತ್ತಿರದ ಸಂಬಂಧಿ. ಕಾರ್ಖಾನೆ ಸುಬಾರುವಿನದು, ಡೀಲರುಗಳ ದೊಡ್ಡ ಜಾಲ ಟೊಯೊಟಾದ್ದು. 2012ರಲ್ಲಿ ಶುರುವಾದ ಜೋಡಿ 2021ರಲ್ಲಿ ಎರಡನೇ ತಲೆಮಾರಿಗೂ ಬಂತು. ಅಲ್ಲಿ ಟೊಯೊಟಾ ಬರಿಯ ಬಾಡಿಗೆದಾರನಲ್ಲ, ಸುಬಾರುವಿನ ಷೇರುದಾರನೂ ಹೌದು. ಮೇಲ್ಮಹಡಿಯಲ್ಲಿ ಅಳಿಯ ಇದ್ದಂತೆ. ಸುಮ್ಮನೆ ಎದ್ದು ಹೋಗಲಾರ.

ಇಂಥ ಯೋಜನೆಯೊಂದರ ಕಾಗದ ಯಾರಾದರೂ ಮುಂದಿಟ್ಟರೆ ನಾನು ಕೇಳುವ ಪ್ರಶ್ನೆಗಳು ಈ ನಾಲ್ಕು ಮನೆಗಳನ್ನು ನೋಡಿದ ಮೇಲೆ ಬದಲಾಗಿವೆ. ಪಾಲುದಾರರು ಯಾರು ಎಂದು ಮೊದಲು ಕೇಳುವುದಿಲ್ಲ. ಪಾಲುದಾರ ಐದನೇ ವರ್ಷ ಎದ್ದು ಹೋದರೆ ಕಾರನ್ನು ತನ್ನದೆಂದು ಇಟ್ಟುಕೊಳ್ಳುವವರು ಯಾರು, ಅದೇ ಲೈನಿನಲ್ಲಿ ಪಕ್ಕಕ್ಕೆ ನಿಂತಿರುವ ಕಾರು ಯಾವುದು, ಅದು ಇದಕ್ಕಿಂತ ಬೇರೆ ಜನಕ್ಕೆ ಮಾರಾಟವಾಗುತ್ತದೆಯೇ ಎಂದು ಕೇಳುತ್ತೇನೆ. ಹಾಗೆಯೇ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಕಾರಿನ ತೂಕವನ್ನು ಯಾರು ನಿರ್ಧರಿಸಿದರು ಎಂದೂ.

ಟರ್ಮೊಲಿಯಿಂದ ಎಂಜಿನ್ ಪೆಟ್ಟಿಗೆಗಳು ಉಜಿನಾಕ್ಕೆ ಬರುವುದು ಎಂದೋ ನಿಂತಿದೆ. ಸ್ಪೈಡರ್ ಕೊಂಡವರು ಮಾತ್ರ ಈ ಏರ್ಪಾಡಿನಿಂದ ತಮಗೇ ಗೊತ್ತಿಲ್ಲದೆ ಒಂದು ಲಾಭ ಪಡೆದಿದ್ದಾರೆ. ಅವರ ಕಾರು ನಿಂತುಹೋದ ಮಾದರಿ, ಅದನ್ನು ಮಾರಿದವರು ಮರೆತ ಮಾದರಿ. ಆದರೆ ಅದರ ಹೊರಮೈ ಮತ್ತು ಎಂಜಿನ್ ಬಿಟ್ಟು ಉಳಿದದ್ದರಲ್ಲಿ ಬಹಳಷ್ಟು ಹಿರೋಶಿಮಾದ ರೋಡ್‌ಸ್ಟರಿನದೇ, ಮತ್ತು ಆ ರೋಡ್‌ಸ್ಟರ್ ಇನ್ನೂ ಲೈನಿನ ಮೇಲಿದೆ.